ಮೂಗಿಗಿಂತ ಮೂಗುತಿ ಭಾರ: ಪ್ರಿಂಟರ್ ಮತ್ತು ಶಾಯಿಯ ಕಥೆ

"ರಿಪೇರಿಗೆ ಎರಡೂವರೆ ಸಾವಿರ ಆಗುತ್ತೆ. ಇನ್ನೊಂದು ಸಾವಿರ ಸೇರಿಸಿ ಹೊಸದೇ ತಗೊಂಡುಬಿಡಿ."

ಮುಂಬಯಿಯ ಲ್ಯಾಮಿಂಗ್ಟನ್ ರೋಡ್ ಇರಲಿ, ದೆಹಲಿಯ ನೆಹರೂ ಪ್ಲೇಸ್ ಇರಲಿ, ಚೆನ್ನೈನ ರಿಚಿ ಸ್ಟ್ರೀಟ್ ಇರಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇರಲಿ, ಕೆಟ್ಟ ಪ್ರಿಂಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದವರಿಗೆ ಭಾಷೆ ಬೇರೆಯಾದರೂ ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ನೀವೂ ಕೇಳಿರುತ್ತೀರಿ. ಅದಕ್ಕಿಂತ ತಮಾಷೆಯ ಸಂಗತಿ ಎಂದರೆ, ಕಪ್ಪು ಮತ್ತು ಬಣ್ಣದ ಎರಡು ಕಾರ್ಟ್ರಿಜ್ ಕೊಳ್ಳುವ ದುಡ್ಡಿಗೆ ಸ್ವಲ್ಪವೇ ಸೇರಿಸಿದರೆ ಹೊಸ ಪ್ರಿಂಟರೇ ಬರುತ್ತದೆ! ನಮ್ಮ ಹಿರಿಯರು ಇದನ್ನು ಕಂಡಿದ್ದರೆ ಒಂದೇ ಮಾತು ಹೇಳುತ್ತಿದ್ದರು: ಮೂಗಿಗಿಂತ ಮೂಗುತಿ ಭಾರ.

ಈ ವಿಚಿತ್ರ ಲೆಕ್ಕ ಹೇಗೆ ಹುಟ್ಟಿತು ಅಂತ ಹುಡುಕುತ್ತಾ ಹೋದರೆ ನಲವತ್ತು ವರ್ಷಕ್ಕೂ ಹಳೆಯ ಒಂದು ಚರಿತ್ರೆ ಸಿಗುತ್ತದೆ. ಎಸೆಯುವ ಕಾರ್ಟ್ರಿಜ್ ಮೊದಲು ಬಂದದ್ದು ನಮ್ಮನ್ನು ಸುಲಿಯಲಿಕ್ಕಲ್ಲ, ಮೆಕ್ಯಾನಿಕ್‌ನ ಕಾಟ ತಪ್ಪಿಸಲಿಕ್ಕೆ!

ನಾನು ಊರು ಬಿಟ್ಟು ಮುಂಬಯಿಗೆ ಬಂದು ಕೆಲಸಕ್ಕೆ ಸೇರಿದಾಗ ಪ್ರಿಂಟರ್ ಎಂದರೆ ಡಾಟ್ ಮ್ಯಾಟ್ರಿಕ್ಸ್. ಕರ್ರೋ ಕರ್ರೋ ಎಂದು ಇಡೀ ಆಫೀಸಿಗೆ ಕೇಳುವ ಹಾಗೆ ಕಿರುಚುತ್ತಿತ್ತು. ಒಳಗೆ ಸಾಲಾಗಿ 9 ಅಥವಾ 24 ಪುಟ್ಟ ಸೂಜಿಗಳು. ಅವು ಶಾಯಿ ಹಚ್ಚಿದ ರಿಬ್ಬನ್ನಿಗೆ ಬಡಿದು ಕಾಗದದ ಮೇಲೆ ಚುಕ್ಕಿ ಮೂಡಿಸುತ್ತಿದ್ದವು. ರಿಬ್ಬನ್ ಸವೆದರೆ ಡಬ್ಬಿ ಬಿಚ್ಚಿ ಬರೀ ಪಟ್ಟಿಯನ್ನು ಬದಲಾಯಿಸುತ್ತಿದ್ದೆವು. ಸೂಜಿ ಮುರಿದರೆ ಒಬ್ಬ ಮೆಕ್ಯಾನಿಕ್ ಬಂದು, ಭೂತಗನ್ನಡಿ ಹಾಕಿಕೊಂಡು, ಆ ಒಂದೇ ಸೂಜಿಯನ್ನು ತೆಗೆದು ಬೇರೆ ಹಾಕಿ ಹೋಗುತ್ತಿದ್ದ. ಯಂತ್ರದ ಬೆಲೆ ನಮ್ಮ ಕೆಲವು ತಿಂಗಳ ಸಂಬಳ. ಅದನ್ನು ಎಸೆಯುವ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಇಂಕ್‌ಜೆಟ್ ಕಥೆ ಬೇರೆ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಕಾದ ಸೋಲ್ಡರಿಂಗ್ ಐರನ್ ಒಂದು ಶಾಯಿ ತುಂಬಿದ್ದ ಸಿರಿಂಜಿನ ಸೂಜಿಗೆ ಅಕಸ್ಮಾತ್ ತಗುಲಿತು. ತುದಿಯಿಂದ ಶಾಯಿ ಚಿಮ್ಮಿತು. ಇಚಿರೋ ಎಂಡೋ ಎಂಬ ಸಂಶೋಧಕರಿಗೆ ಅಲ್ಲೇ ದಾರಿ ಹೊಳೆಯಿತು: ಶಾಯಿಯನ್ನು ಕ್ಷಣಮಾತ್ರ ಕಾಯಿಸಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಹನಿಯನ್ನು ಹೊರಗೆ ತಳ್ಳುತ್ತದೆ. ಇದಾದ ಒಂದೆರಡು ವರ್ಷದೊಳಗೆ ಅಮೆರಿಕದ ಎಚ್‌ಪಿ ಕಂಪನಿಯ ಜಾನ್ ವಾಟ್ ಕೂಡ ತಮ್ಮದೇ ದಾರಿಯಲ್ಲಿ ಇಲ್ಲಿಗೇ ಬಂದರು. ಅವರಿಗೆ ಸುಳಿವು ಕೊಟ್ಟದ್ದು ಕಾಫಿ. ನಮ್ಮ ಫಿಲ್ಟರ್ ಕಾಫಿ ಅಲ್ಲ ಬಿಡಿ, ಕುದಿಯುವ ನೀರು ತಾನಾಗಿ ಮೇಲಕ್ಕೆ ಚಿಮ್ಮುವ ಅವರ ಪರ್ಕೊಲೇಟರ್.

ಆದರೆ ಒಂದು ತೊಡಕಿತ್ತು. ಕ್ಷಣಕ್ಷಣಕ್ಕೂ ಕಾದು ಆರುವ ಆ ಸೂಕ್ಷ್ಮ ಹೀಟರುಗಳು ಬೇಗ ಸವೆಯುತ್ತವೆ. ಕೂದಲೆಳೆಯಷ್ಟು ಸಣ್ಣ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಪದೇಪದೇ ತಂತ್ರಜ್ಞ ಬಂದು ತೊಳೆಯಬೇಕು ಎಂದರೆ ಮನೆಗೆ ಯಾರು ಕೊಳ್ಳುತ್ತಾರೆ? ಎಚ್‌ಪಿಯ ಎಂಜಿನಿಯರುಗಳು ಜಾಣ ಉಪಾಯ ಮಾಡಿದರು. ಹೀಟರು, ರಂಧ್ರ, ಶಾಯಿ ಮೂರನ್ನೂ ಒಂದೇ ಪುಟ್ಟ ಡಬ್ಬಿಗೆ ಸೇರಿಸಿದರು. ಶಾಯಿ ಮುಗಿಯುವಾಗ ತಲೆಯೂ ಸವೆದಿರುತ್ತದೆ, ಎರಡನ್ನೂ ಒಟ್ಟಿಗೆ ಎಸೆಯಿರಿ! 1984ರಲ್ಲಿ ಹೀಗೆ ಬಂದದ್ದು ಥಿಂಕ್‌ಜೆಟ್, ಬೆಲೆ 495 ಡಾಲರ್. 1988ರಲ್ಲಿ ಸಾದಾ ಕಾಗದದ ಮೇಲೆ ಚೆನ್ನಾಗಿ ಮುದ್ರಿಸುವ ಡೆಸ್ಕ್‌ಜೆಟ್ ಬಂತು, ಬೆಲೆ 995 ಡಾಲರ್. ಯಂತ್ರ ದುಬಾರಿ, ಶಾಯಿ ಅದಕ್ಕೆ ಹೋಲಿಸಿದರೆ ಅಗ್ಗ. ಆಗಿನ್ನೂ ಮೂಗು ಮೂಗೇ, ಮೂಗುತಿ ಮೂಗುತಿಯೇ.

1990ರ ದಶಕದಲ್ಲಿ ಪೈಪೋಟಿ ಏರಿತು. 1993ರಲ್ಲಿ ಎಪ್ಸನ್ ತನ್ನ ಸ್ಟೈಲಸ್ 800 ತಂದಿತು. ಅದರಲ್ಲಿ ಹೀಟರ್ ಇಲ್ಲ, ವಿದ್ಯುತ್ ಹಾಯಿಸಿದರೆ ಬಾಗುವ ಪೀಜೋ ಹರಳು ಹನಿಯನ್ನು ತಳ್ಳುತ್ತದೆ. ಅಲ್ಲಿ ತಲೆ ಯಂತ್ರದಲ್ಲೇ ಉಳಿಯುತ್ತದೆ, ಶಾಯಿಯ ಡಬ್ಬಿ ಮಾತ್ರ ಬದಲು. ಈ ಪೈಪೋಟಿಯಲ್ಲಿ ಯಂತ್ರದ ಬೆಲೆ ಇಳಿಯುತ್ತಾ ಹೋಯಿತು, ಲಾಭವೆಲ್ಲ ಶಾಯಿಯ ಕಡೆಗೆ ಸರಿಯಿತು. 1990ರ ದಶಕದ ಆರಂಭದ ಡೆಸ್ಕ್‌ಜೆಟ್ 500ಕ್ಕೆ ಬರುತ್ತಿದ್ದ 51626ಎ ಕಾರ್ಟ್ರಿಜ್‌ನಲ್ಲಿ 40 ಮಿಲಿಲೀಟರ್ ಶಾಯಿ ಇರುತ್ತಿತ್ತು. 2000ದ ದಶಕದ ನಡುವಿಗೆ ಅಗ್ಗದ ಪ್ರಿಂಟರುಗಳ ಜೊತೆ ಬಂದ ಎಚ್‌ಪಿ 21ರಲ್ಲಿ ಇದ್ದದ್ದು ಬರೀ 5 ಮಿಲಿಲೀಟರ್. ಒಂದು ಟೀಚಮಚ!

ನಮ್ಮಂಥ ಹೊರನಾಡ ಕನ್ನಡಿಗರ ಮನೆಗೆ ಇಂಕ್‌ಜೆಟ್ ಬಂದದ್ದೂ ಇದೇ ಕಾಲದಲ್ಲಿ. 1998ರಲ್ಲಿ 'ಬರಹ' ತಂತ್ರಾಂಶ ಬಂದ ಮೇಲೆ, ಕನ್ನಡ ಪ್ರೆಸ್ ಹುಡುಕಿಕೊಂಡು ಅಲೆಯದೆ ಸಂಘದ ಆಮಂತ್ರಣ, ನಾಟಕದ ಪ್ರತಿ, ಮಕ್ಕಳ ಕನ್ನಡ ಪಾಠ ಎಲ್ಲವನ್ನೂ ಮನೆಯಲ್ಲೇ ಮುದ್ರಿಸಬಹುದಾಯಿತು. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಕಲಸಿಹೋಗುತ್ತಿದ್ದ ಒತ್ತಕ್ಷರಗಳು ಇದರಲ್ಲಿ ಮುತ್ತಿನಂತೆ ಬಂದವು. ಆ ಸಂತೋಷದಲ್ಲಿ ಟೀಚಮಚದ ಲೆಕ್ಕ ಯಾರು ಹಾಕುತ್ತಾರೆ ಹೇಳಿ?

"ಇದು ಜಿಲೆಟ್ ರೇಜರಿನ ತಂತ್ರ, ಹಿಡಿಕೆ ಪುಕ್ಕಟೆ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡುವುದು" ಎಂದು ಎಲ್ಲರೂ ಹೇಳುತ್ತಾರೆ. ಅಸಲಿ ಚರಿತ್ರೆ ಹಾಗಿಲ್ಲ. ಜಿಲೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಪೇಟೆಂಟ್ ಇರುವಷ್ಟು ಕಾಲವೂ ಆ ರೇಜರಿನ ಬೆಲೆ 5 ಡಾಲರ್, ಆ ದಿನಕ್ಕೆ ದೊಡ್ಡ ಮೊತ್ತ. ಬೆಲೆ ಇಳಿದದ್ದು 1921ರಲ್ಲಿ, ಪೇಟೆಂಟ್ ಮುಗಿಯುವ ಹೊತ್ತಿಗೆ. ಯೋಚಿಸಿ ನೋಡಿ: ಬ್ಲೇಡನ್ನು ಯಾರು ಬೇಕಾದರೂ ಮಾಡಬಹುದು ಎಂದಾದರೆ, ಹಿಡಿಕೆಯನ್ನು ನಷ್ಟಕ್ಕೆ ಮಾರುವವನು ದಿವಾಳಿಯಾಗುತ್ತಾನೆ. ಆ ತಂತ್ರ ನಡೆಯಬೇಕಾದರೆ ಒಂದು ಬೀಗ ಬೇಕು.

ಆ ಬೀಗವೇ ಚಿಪ್. ನಮ್ಮ ಪೇಟೆಗಳಲ್ಲಿ ಸಿರಿಂಜ್ ಹಿಡಿದು ಕಾರ್ಟ್ರಿಜ್‌ಗೆ ಶಾಯಿ ತುಂಬಿಕೊಡುವ ಹುಡುಗರು ಹುಟ್ಟಿಕೊಂಡ ಹಾಗೆಯೇ ಬೇರೆ ದೇಶಗಳಲ್ಲೂ ಮರುಭರ್ತಿ ಉದ್ಯಮ ಬೆಳೆದಿತ್ತು. ಕಂಪನಿಗಳು ಕಾರ್ಟ್ರಿಜ್‌ಗೆ ಚಿಪ್ ಅಂಟಿಸಿದವು. ಚಿಪ್ "ಖಾಲಿ" ಎಂದರೆ ಮುಗಿಯಿತು, ಒಳಗೆ ಶಾಯಿ ಇದ್ದರೂ ಯಂತ್ರ ನಂಬುವುದಿಲ್ಲ. ಜಗಳ ಕೋರ್ಟಿಗೆ ಹೋಯಿತು. ಲೇಸರ್ ಪ್ರಿಂಟರ್ ಮಾಡುವ ಲೆಕ್ಸ್‌ಮಾರ್ಕ್, ಅದರ ಚಿಪ್‌ಗೆ ಬದಲಿ ಚಿಪ್ ಮಾಡಿದ ಸ್ಟಾಟಿಕ್ ಕಂಟ್ರೋಲ್ ಮೇಲೆ 2002ರ ಕೊನೆಯಲ್ಲಿ ಕಾಪಿರೈಟ್ ದಾವೆ ಹೂಡಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. 2007ರಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ಇದಕ್ಕೆ ತಿರುಗಾಮುರುಗಾ, ಮರುಭರ್ತಿ ಮಾಡಿದ ಕಾರ್ಟ್ರಿಜ್ ಮಾರುತ್ತಿದ್ದ ಕಂಪನಿಯ ವಿರುದ್ಧ ಕ್ಯಾನನ್ ಪರ ತೀರ್ಪು ಕೊಟ್ಟಿತು. ಕೊನೆಗೆ 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಲೆಕ್ಸ್‌ಮಾರ್ಕ್‌ನ ಇನ್ನೊಂದು ಮೊಕದ್ದಮೆಯಲ್ಲಿ ಸ್ಪಷ್ಟ ಮಾತು ಹೇಳಿತು: ಒಮ್ಮೆ ಮಾರಿದ ಮೇಲೆ ಆ ವಸ್ತುವಿನ ಮೇಲೆ ಮಾರಿದವನ ಪೇಟೆಂಟ್ ಹಕ್ಕು ಮುಗಿಯಿತು.

ಹಾಗಂತ ಬೀಗ ತೆರೆಯಿತೇ? ಇಲ್ಲ. ಕಾನೂನು ಬಿಟ್ಟದ್ದನ್ನು ತಂತ್ರಾಂಶ ಹಿಡಿಯಿತು. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಪ್ರಿಂಟರುಗಳು ಬೇರೆಯವರ ಚಿಪ್ ಇದ್ದ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ತಿರಸ್ಕರಿಸಿದವು. 2024ರ ಜನವರಿಯಲ್ಲಿ ಆ ಕಂಪನಿಯ ಆಗಿನ ಮುಖ್ಯಸ್ಥ ಎನ್ರಿಕೆ ಲೋರೆಸ್ ಸಂದರ್ಶನವೊಂದರಲ್ಲಿ, ಪ್ರಿಂಟರ್ ಕೊಂಡ ಪ್ರತಿ ಗ್ರಾಹಕನೂ ತಮಗೊಂದು ಹೂಡಿಕೆ, ಆತ ತಮ್ಮ ಶಾಯಿ ಬಳಸದಿದ್ದರೆ ಅದು ಕೆಟ್ಟ ಹೂಡಿಕೆ ಎಂಬ ಅರ್ಥದ ಮಾತಾಡಿದರು. ನೋಡಿ, ನಾವು ಪ್ರಿಂಟರ್ ಕೊಂಡೆವು ಅಂದುಕೊಂಡಿದ್ದೆವು!

ಎಲ್ಲ ತಪ್ಪೂ ಕಂಪನಿಗಳದೇ ಎನ್ನುವ ಮೊದಲು ಕೊಡಕ್ ಕಥೆಯನ್ನೂ ಕೇಳಿ. 2007ರಲ್ಲಿ ಕೊಡಕ್ ಉಲ್ಟಾ ದಾರಿ ಹಿಡಿಯಿತು. ಪ್ರಿಂಟರಿಗೆ ಸ್ವಲ್ಪ ಹೆಚ್ಚು, ಶಾಯಿಗೆ ಕಡಿಮೆ: ಕಪ್ಪು ಕಾರ್ಟ್ರಿಜ್ 9.99 ಡಾಲರ್. ಆಗ ಅದರ ಮುಖ್ಯಸ್ಥರಾಗಿದ್ದ ಆಂಟೋನಿಯೋ ಪೆರೆಜ್ ಹಿಂದೆ ಎಚ್‌ಪಿಯಲ್ಲಿ ಇಂಕ್‌ಜೆಟ್ ವ್ಯವಹಾರವನ್ನೇ ನಡೆಸಿದವರು, ಒಳಗುಟ್ಟು ಬಲ್ಲವರು. ಏನಾಯಿತು? ಫಿಲ್ಮ್ ವ್ಯಾಪಾರ ಮುಳುಗಿ 2012ರ ಜನವರಿಯಲ್ಲಿ ಕೊಡಕ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಮನೆಬಳಕೆಯ ಇಂಕ್‌ಜೆಟ್ ಮಾರಾಟ ನಿಲ್ಲಿಸುವುದಾಗಿ ಹೇಳಿತು. ಪ್ರಿಂಟರ್ ಅದನ್ನು ಉಳಿಸಲಿಲ್ಲ. ಅಂಗಡಿಯಲ್ಲಿ ನಿಂತ ಗ್ರಾಹಕ ನೋಡುವುದು ಡಬ್ಬದ ಮೇಲಿನ ಬೆಲೆಯನ್ನು, ಮೂರು ವರ್ಷದ ಶಾಯಿಯ ಲೆಕ್ಕವನ್ನಲ್ಲ.

ಬದಲಾವಣೆ ಬಂದದ್ದು ನಮ್ಮಂಥವರ ಕಡೆಯಿಂದ, ಅಂದರೆ ಪೈಸೆ ಪೈಸೆ ಲೆಕ್ಕ ಹಾಕುವವರಿಂದ. ಇಂಡೋನೇಷ್ಯಾದ ಅಂಗಡಿಯವರು ಪ್ರಿಂಟರ್ ಪಕ್ಕಕ್ಕೆ ಬಾಟಲಿ ಕಟ್ಟಿ, ಸಪೂರ ಕೊಳವೆ ಎಳೆದು ತಾವೇ ಶಾಯಿ ಹರಿಸಿಕೊಳ್ಳುತ್ತಿದ್ದರು. ಇಂಥ ಕೊಳವೆ ಕಟ್ಟಿದ ಯಂತ್ರಗಳನ್ನು ನಾನು ಲ್ಯಾಮಿಂಗ್ಟನ್ ರೋಡಿನಲ್ಲೂ ಕಂಡಿದ್ದೇನೆ, ಆಸ್ಪತ್ರೆಯಲ್ಲಿ ಸಲೈನ್ ಹಾಕಿಸಿಕೊಂಡ ರೋಗಿಯ ಹಾಗೆ! ತಡೆದು ಸಾಕಾದ ಎಪ್ಸನ್ 2010ರಲ್ಲಿ ಇಂಡೋನೇಷ್ಯಾದಲ್ಲೇ ಮೊದಲು ತಾನೇ ಟ್ಯಾಂಕ್ ಇರುವ ಎಲ್100, ಎಲ್200 ಪ್ರಿಂಟರುಗಳನ್ನು ಬಿಟ್ಟಿತು. ಮುಂದೆ ಕ್ಯಾನನ್, ಎಚ್‌ಪಿಯವರೂ ಅದೇ ದಾರಿಗೆ ಬಂದರು. ಇಂದು ನಮ್ಮಲ್ಲಿ ಝೆರಾಕ್ಸ್ ಅಂಗಡಿಯಿಂದ ಮನೆಯವರೆಗೂ ಕಾಣುವ ಬಾಟಲಿ ಶಾಯಿಯ ಪ್ರಿಂಟರುಗಳ ಮೂಲ ಆ ಬೀದಿಬದಿಯ ಜುಗಾಡ್.

ಈಗ ಮನೆಯ ಲೆಕ್ಕಕ್ಕೆ ಬರೋಣ. ಸುಲಭಕ್ಕೆಂದು ಹೀಗಿಟ್ಟುಕೊಳ್ಳಿ: ಕಾರ್ಟ್ರಿಜ್ ಪ್ರಿಂಟರ್ 4,000 ರೂಪಾಯಿ, 800 ರೂಪಾಯಿಯ ಕಪ್ಪು ಕಾರ್ಟ್ರಿಜ್‌ನಲ್ಲಿ 200 ಪುಟ, ಅಂದರೆ ಪುಟಕ್ಕೆ 4 ರೂಪಾಯಿ. ಟ್ಯಾಂಕ್ ಪ್ರಿಂಟರ್ 12,000 ರೂಪಾಯಿ, 500 ರೂಪಾಯಿಯ 70 ಮಿಲಿಲೀಟರ್ ಬಾಟಲಿಯಲ್ಲಿ 4,000 ಪುಟ, ಅಂದರೆ ಪುಟಕ್ಕೆ 12 ಪೈಸೆ ಚಿಲ್ಲರೆ. ಹೆಚ್ಚು ಕೊಟ್ಟ 8,000 ರೂಪಾಯಿ ಮರಳಿ ಬರಲು ಸುಮಾರು 2,100 ಪುಟ ಬೇಕು. ತಿಂಗಳಿಗೆ 100 ಪುಟ ಮುದ್ರಿಸುವ ಮನೆಗೆ ಎರಡು ವರ್ಷದೊಳಗೆ ಗಿಟ್ಟುತ್ತದೆ. ತಿಂಗಳಿಗೆ 20 ಪುಟ ಆದರೆ ಎಂಟೂಮುಕ್ಕಾಲು ವರ್ಷ! ಅಂಥವರಿಗೆ ಮೂಲೆಯ ಝೆರಾಕ್ಸ್ ಅಂಗಡಿಯೇ ಲೇಸು.

ರಿಪೇರಿಯ ಲೆಕ್ಕವೂ ಚರಿತ್ರೆಯಿಂದಲೇ ತಿಳಿಯುತ್ತದೆ. ತಲೆ ಕಾರ್ಟ್ರಿಜ್‌ನಲ್ಲೇ ಇರುವ ಯಂತ್ರದಲ್ಲಿ ಅಕ್ಷರ ಮಸುಕಾದರೆ ಯಂತ್ರ ಕೆಟ್ಟಿಲ್ಲ, ಕಾರ್ಟ್ರಿಜ್ ಬದಲಿಸಿದರೆ ಸಾಕು. ತಲೆ ಯಂತ್ರದಲ್ಲೇ ಇರುವ ಜಾತಿಯಾದರೆ ವಾರಕ್ಕೊಂದು ಪುಟ ಮುದ್ರಿಸುತ್ತಿರಿ, ಒಣಗಲು ಬಿಡಬೇಡಿ. ಕಾಗದ ಎಳೆಯದಿದ್ದರೆ ಬಹಳ ಸಲ ರಬ್ಬರ್ ರೋಲರಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಕೆಲವು ಯಂತ್ರಗಳು ತಲೆ ತೊಳೆದ ಶಾಯಿಯನ್ನು ಹೀರುವ ಪ್ಯಾಡ್ ತುಂಬಿತೆಂದು ಎಣಿಸಿ ತಾವೇ ನಿಂತುಬಿಡುತ್ತವೆ. ಅದು ಸಾವಲ್ಲ, ಪ್ಯಾಡ್ ಬದಲಿಸಿ ಎಣಿಕೆಯನ್ನು ಮೊದಲಿಗೆ ತರುವ ಮೆಕ್ಯಾನಿಕ್ ಸಿಕ್ಕರೆ ಮತ್ತೆ ಎದ್ದು ಕೂರುತ್ತವೆ. ಇಷ್ಟೂ ಆಗದೆ ತಲೆಯೋ ಮುಖ್ಯ ಬೋರ್ಡೋ ಸತ್ತರೆ ಮಾತ್ರ "ಹೊಸದೇ ತಗೊಳ್ಳಿ" ಎಂಬ ಮಾತಿಗೆ ಬೆಲೆ.

ಎಸೆಯಲೇಬೇಕಾದರೂ ಕಸದ ಬುಟ್ಟಿಗೆ ಬೇಡ. 2011ರ ಇ-ತ್ಯಾಜ್ಯ ನಿಯಮಗಳಲ್ಲೇ ಪ್ರಿಂಟರ್ ಮತ್ತು ಕಾರ್ಟ್ರಿಜ್ ಎರಡನ್ನೂ ಹೆಸರಿಸಿ, ತಯಾರಕರ ಮೇಲೆ ಹೊಣೆ ಹೊರಿಸಲಾಗಿದೆ. 2022ರಲ್ಲಿ ಕೇಂದ್ರ ಸರ್ಕಾರ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲನ್ನೂ ತೆರೆಯಿತು. ಮೊದಲು ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನಗಳನ್ನು.

ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು, ರಿಪೇರಿ ಮಾಡುವ ಕೈಯೂ ಉಳಿಯಬೇಕು. ಮುರಿದ ಒಂದೇ ಸೂಜಿಯನ್ನು ಕಿತ್ತು ಬೇರೆ ಹಾಕುತ್ತಿದ್ದ ಆ ಕಸುಬು ಒಂದೆರಡು ದಿನದಲ್ಲಿ ಕಲಿಯುವಂಥದ್ದಲ್ಲ. "ಹೊಸದೇ ತಗೊಳ್ಳಿ" ಎಂಬ ಮಾತಿಗೆ ನಾವು ಹೂಂಗುಟ್ಟಿದಾಗಲೆಲ್ಲ ಅಂಥ ಒಂದೊಂದೇ ಅಂಗಡಿಯ ಬಾಗಿಲು ಮುಚ್ಚುತ್ತದೆ. ಆಮೇಲೆ ಎಷ್ಟು ದುಡ್ಡು ಕೊಟ್ಟರೂ ರಿಪೇರಿ ಎಂಬ ಪದಾರ್ಥವೇ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಎರಡೂವರೆ ಸಾವಿರವೋ ಮೂರೂವರೆ ಸಾವಿರವೋ ಎಂದು ಅಳೆಯುವಾಗ ತಕ್ಕಡಿಯಲ್ಲಿ ಇದನ್ನೂ ಇಟ್ಟು ನೋಡಿ. ಏನಂತೀರಿ?