ಜಯನಗರದ ಗುಲಾಬಿ ಯಾರದು?

ಚಳಿಗಾಲದಲ್ಲಿ ಬೆಂಗಳೂರಿನ ಜಯನಗರ, ಜೆ.ಪಿ. ನಗರದ ರಸ್ತೆಬದಿಯ ಮರಗಳು ಎಲೆಯುದುರಿಸಿ ಗುಲಾಬಿ ಗಂಟೆಗಳನ್ನು ಹೊತ್ತು ನಿಂತಾಗ, ನೋಡಿದವರೆಲ್ಲ ಅವನ್ನು ಒಟ್ಟಾಗಿ ಟಬೂಬಿಯಾ ಎನ್ನುತ್ತಾರೆ. ನೆಟ್ಟ ಪುಣ್ಯವನ್ನು ಲಾಲ್‌ಬಾಗ್ ತೋಟದ ಹೊಣೆ ಹೊತ್ತಿದ್ದ ಕ್ರುಂಬಿಗಲ್ ಒಬ್ಬರಿಗೇ ಬರೆದುಕೊಡುತ್ತಾರೆ. ಎರಡೂ ಅವಸರದ ಮಾತುಗಳು. ಇಲ್ಲಿರುವುದು ಎರಡು ಜಾತಿ. ತಿಳಿಗುಲಾಬಿಯದು ಟಬೂಬಿಯಾ ರೋಸಿಯಾ, ಎಲ್ ಸಾಲ್ವಡಾರ್ ದೇಶದ ರಾಷ್ಟ್ರವೃಕ್ಷ. ಮರ ಹಗುರ, ಪೀಠೋಪಕರಣಕ್ಕೆ ಒದಗುವಂಥದ್ದು. ಕಡುಗುಲಾಬಿಯದು ಇಂಪೆಟಿಜಿನೋಸಾ, ಹಳೆಯ ಪುಸ್ತಕಗಳ ಅವೆಲನೆಡೇ. ಅದರ ಮರ ಕಬ್ಬಿಣದಷ್ಟು ಗಟ್ಟಿ, ತಿರುಳಲ್ಲಿ ಲಪಾಚೋಲ್ ಎಂಬ ರಾಸಾಯನಿಕವಿದೆ. 2007ರಲ್ಲಿ ಗ್ರೋಸ್ ಮತ್ತು ಓಮ್‌ಸ್ಟೆಡ್ ಎಂಬ ವಿಜ್ಞಾನಿಗಳು ಡಿಎನ್‌ಎ ಆಧಾರದ ಮೇಲೆ ಈ ಗಟ್ಟಿಮರದ ಗುಂಪನ್ನು ಹ್ಯಾಂಡ್ರೊಆಂಥಸ್ ಎಂಬ ಬೇರೆ ಕುಲಕ್ಕೆ ಕಳಿಸಿದರು. ತಮಾಷೆಯೆಂದರೆ, ನಮ್ಮ ರಸ್ತೆಗಳಲ್ಲೇ ಹಳದಿ ಹೂ ಬಿಡುವ ಆರಿಯಾ ಟಬೂಬಿಯಾ ಕುಲದಲ್ಲೇ ಉಳಿಯಿತು. ಅಂದರೆ ತಿಳಿಗುಲಾಬಿಗೆ ಹತ್ತಿರದ ನೆಂಟ ಹಳದಿಯೇ ಹೊರತು ಕಡುಗುಲಾಬಿಯಲ್ಲ. ಬಣ್ಣ ನಂಬಿ ಸಂಬಂಧ ಹೇಳುವಂತಿಲ್ಲ.

ಹೆಸರು ನಂಬಿ ಚರಿತ್ರೆ ಹೇಳುವಂತೆಯೂ ಇಲ್ಲ. ಜರ್ಮನಿಯ ಕ್ರುಂಬಿಗಲ್ ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡಾದಲ್ಲಿ ದುಡಿದು, 1908ರಲ್ಲಿ ಲಾಲ್‌ಬಾಗಿಗೆ ಬಂದರು, 1932ರಲ್ಲಿ ನಿವೃತ್ತರಾದರು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಪಕ್ಕದ ಬಿಟಿಎಂ ಬಡಾವಣೆಯಂತೂ 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಲದ್ದು. ಲಾಲ್‌ಬಾಗಿನ ಹೊಣೆ ಕ್ರುಂಬಿಗಲ್ ಬಳಿಕ ಜವರಾಯರಿಗೆ, ಮುಂದೆ ಮರಿಗೌಡರಿಗೆ ಬಂತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ದಕ್ಷಿಣದ ಬಡಾವಣೆಗಳ ನೆರಳಿನ ಲೆಕ್ಕ ಹಾಕುವಾಗ ಇವರನ್ನೆಲ್ಲ ಬಿಟ್ಟು ಮೊದಲಿಗರ ಹೆಸರಿಗೇ ಜೋತುಬೀಳುವುದು ನ್ಯಾಯವಲ್ಲ.

ಕ್ರುಂಬಿಗಲ್ 1956ರವರೆಗೂ ಬದುಕಿದ್ದರಲ್ಲ, ವರ್ಷವಿಡೀ ಒಂದರ ಹಿಂದೊಂದು ಹೂ ಅರಳಬೇಕೆಂಬ ಯೋಜನೆ ಅವರದೇ ಅಲ್ಲವೇ ಎಂದು ಕೇಳಬಹುದು. ನಿಜ, ಆ ಯೋಜನೆ ಅವರದೇ. ಅದನ್ನು ಕಸಿದುಕೊಳ್ಳುವ ಅಗತ್ಯವಿಲ್ಲ. ಆದರೆ ಯೋಜನೆ ಕೊಟ್ಟವರು ಬೇರೆ, ಗುಂಡಿ ತೋಡಿಸಿ, ಬೇಲಿ ಕಟ್ಟಿಸಿ, ದನ ತಿನ್ನದಂತೆ ಸಸಿ ಉಳಿಸಿದವರು ಬೇರೆ. ಅಲ್ಲದೆ, ಚಳಿಗೆ ಗುಲಾಬಿ, ಬೇಸಿಗೆ ಕಾಲಿಡುವಾಗ ಹಳದಿ, ಏಪ್ರಿಲ್-ಮೇಗೆ ಗುಲ್‌ಮೊಹರ್ ಎಂಬ ಆ ಸರದಿ ನಿಂತಿರುವುದೇ ಜಾತಿಜಾತಿಯ ಗುಣ ಬಿಡಿಸಿ ಅರಿತದ್ದರ ಮೇಲೆ. ಮಳೆಗೆ ಉರುಳಿದ ಮರದ ಜಾಗಕ್ಕೆ ಹೊಸದನ್ನು ತರುವಾಗ ಬರೀ ಟಬೂಬಿಯಾ ಎಂದು ಬರೆದುಕೊಂಡರೆ, ಕ್ರುಂಬಿಗಲ್ ಯೋಜನೆಯನ್ನೇ ಮರೆತಂತೆ.