ಅಂಬರನಾಥದಲ್ಲಿ ನೋಡಲಿಕ್ಕೆ ಏನುಂಟು?

ಊರಿನಿಂದ ಯಾರೇ ಬರಲಿ, ಎರಡನೆಯ ದಿನ ಬೆಳಿಗ್ಗೆ ಚಹಾ ಕುಡಿಯುವಾಗ ಈ ಪ್ರಶ್ನೆ ಬಂದೇ ಬರುತ್ತದೆ: "ಇಲ್ಲಿ ನೋಡಲಿಕ್ಕೆ ಏನುಂಟು?" ಮೊದಲ ಹತ್ತು ವರ್ಷ ನನ್ನದು ಒಂದೇ ಉತ್ತರ. ಇಲ್ಲಿ ಏನೂ ಇಲ್ಲ, ಮುಂಬೈಗೆ ಹೋಗೋಣ. ಲೋಕಲ್ ಹಿಡಿದು ಸಿಎಸ್‌ಎಂಟಿ, ಅಲ್ಲಿಂದ ಗೇಟ್‌ವೇ, ಸಂಜೆ ಮರೀನ್ ಡ್ರೈವ್, ರಾತ್ರಿ ಕಾಲು ನೋವು. ಅಂಬರನಾಥ ಎಂದರೆ ನಮಗೆ ಮಲಗಲಿಕ್ಕೆ ಇರುವ ಊರು. ಕಾರ್ಖಾನೆ, ಎಂಐಡಿಸಿ, ನೀರಿನ ಟ್ಯಾಂಕರ್, 7.52ರ ಗಾಡಿಗೆ ಓಟ. ಇದರಲ್ಲಿ ಅತಿಥಿಗಳಿಗೆ ತೋರಿಸುವಂಥದ್ದು ಏನಿದೆ?

ಕಳೆದ ವರ್ಷ ದೊಡ್ಡಪ್ಪಯ್ಯನ ಮಗ, ನನಗಿಂತ ಎಂಟು ವರ್ಷ ದೊಡ್ಡವನು, ಕುಂದಾಪುರದಿಂದ ಬಂದಿದ್ದ. ಅವನಿಗೆ ಸಮುದ್ರ ತೋರಿಸುವುದರಲ್ಲಿ ಅರ್ಥವಿಲ್ಲ. "ಅಣ್ಣ, ನಡಿ, ಇಲ್ಲೇ ಒಂದು ದೇವಸ್ಥಾನ ಉಂಟು" ಎಂದು ಕರೆದುಕೊಂಡು ಹೋದೆ.

ಸ್ಟೇಷನ್ನಿನಿಂದ ಪೂರ್ವಕ್ಕೆ ಸುಮಾರು ಎರಡು ಕಿಲೋಮೀಟರ್. ರಿಕ್ಷಾದವನಿಗೆ 'ಶಿವಮಂದಿರ' ಎಂದರೆ ಸಾಕು. ಪಕ್ಕದಲ್ಲಿ ವಾಲಧುನಿ ನದಿ. ನದಿ ಎಂದು ಹೇಳಲು ಈಗ ಸ್ವಲ್ಪ ಧೈರ್ಯ ಬೇಕು, ಬೇಸಿಗೆಯಲ್ಲಿ ಮೂಗು ಮುಚ್ಚಿಕೊಂಡೇ ಸೇತುವೆ ದಾಟಬೇಕು. ಆ ನೀರಿನ ದಡದಲ್ಲಿ ಕಪ್ಪು ಕಲ್ಲಿನ ಗುಡಿ ನಿಂತಿದೆ. ಮೂರು ದಿಕ್ಕಿಗೆ ಮೂರು ಮುಖಮಂಟಪಗಳು, ಮುಖ್ಯ ಬಾಗಿಲು ಪಡುವಣಕ್ಕೆ. ಹೊರಗೋಡೆ ಎಲ್ಲಿಯೂ ನೇರವಾಗಿಲ್ಲ. ಮಡಿಕೆ ಮಡಿಕೆಯಾಗಿ ಒಳಗೆ ಹೋಗಿ ಹೊರಗೆ ಬರುತ್ತದೆ, ಪ್ರತಿ ಮಡಿಕೆಯಲ್ಲೂ ಒಂದು ವಿಗ್ರಹ. ಶಿಖರದ ಮೇಲುಭಾಗ ಇಲ್ಲ. ಮಂಟಪದಿಂದ ಗರ್ಭಗುಡಿಗೆ ಹೋಗಲು ಮೆಟ್ಟಿಲು ಹತ್ತುವುದಲ್ಲ, ಇಳಿಯಬೇಕು. ಇಳಿದಂತೆ ಬಿಸಿಲು ಹಿಂದೆ ಉಳಿದು, ಕಾಲಡಿ ತಣ್ಣಗಾಗುತ್ತದೆ. ಸೋಮವಾರ ಬಂದರೆ ಹಾಲು, ಬಿಲ್ವಪತ್ರೆಗಳಿಂದ ಆ ನೆಲ ಜಾರುತ್ತದೆ. ಇದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕವೂ ಹೌದು, ದಿನವೂ ಪೂಜೆ ನಡೆಯುವ ಗುಡಿಯೂ ಹೌದು. ಶಿವರಾತ್ರಿಗೆ ಇಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ಉತ್ತರದ ಬಾಗಿಲಿನ ತೊಲೆಯ ಒಳಮೈಯಲ್ಲಿ ಒಂದು ಶಾಸನವಿದೆ. ಭಾಷೆ ಸಂಸ್ಕೃತ. ಅದರ ಕತೆ ಹೇಳುವ ಮೊದಲು ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಹಲವು ವರ್ಷಗಳ ಹಿಂದೆ ನಮ್ಮ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಾತಾಡಲು ನನ್ನನ್ನು ನಿಲ್ಲಿಸಿದ್ದರು. ನಾನು ಈ ಗುಡಿಯ ಬಗ್ಗೆ ಮಾತಾಡಿದೆ. ಹಳೆಯ ಬರಹವೊಂದರಲ್ಲಿ ಈ ಶಾಸನದ ಕಾಲ ಶಕ 782, ಅಂದರೆ ಕ್ರಿ.ಶ. 860 ಎಂದು ಓದಿದ್ದೆ. 860 ಎಂದರೆ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲ. ಅವನ ಆಸ್ಥಾನದಲ್ಲೇ 'ಕವಿರಾಜಮಾರ್ಗ' ಹುಟ್ಟಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹರಡಿದೆ ಎಂದು ಹೇಳುವ ಪುಸ್ತಕವೂ ಅದೇ. "ನಾವು ಇಲ್ಲಿಗೆ ಹೊಟ್ಟೆಪಾಡಿಗೆ ಬಂದ ಹೊರಗಿನವರಲ್ಲ, ನಮ್ಮ ದೊರೆಯ ಕಾಲದ ಗುಡಿ ನಮ್ಮ ಮನೆ ಹಿಂದೆಯೇ ಇದೆ" ಎಂದೆ. ಚಪ್ಪಾಳೆ ಬಿತ್ತು. ಕೊನೆಗೆ ಒಬ್ಬ ನಿವೃತ್ತ ಮಾಸ್ತರರು ಹತ್ತಿರ ಬಂದು, "ಚೆನ್ನಾಗಿತ್ತು. ಆ ಇಸವಿ ಮಾತ್ರ ಇನ್ನೊಮ್ಮೆ ನೋಡಿ" ಎಂದರು.

ನೋಡಿದೆ. 782 ಎಂದು ಓದಿದವರು ಡಾ. ಭಾವು ದಾಜಿ. ಮುಂಬೈಯ ದೊಡ್ಡ ವೈದ್ಯರು, ಶಾಸನಗಳ ಹುಚ್ಚಿನವರು. ಬೈಕುಲ್ಲಾದ ವಸ್ತುಸಂಗ್ರಹಾಲಯಕ್ಕೆ ಇವತ್ತು ಅವರದೇ ಹೆಸರಿದೆ. ಅದನ್ನು ತಿದ್ದಿದವರು ಅವರ ಕೈಕೆಳಗೇ ಪಳಗಿದ ಭಗವಾನ್‌ಲಾಲ್ ಇಂದ್ರಜಿ. ಮೊದಲ ಅಂಕಿ ಏಳಲ್ಲ, ಒಂಬತ್ತು. ಶಕ 982, ಕ್ರಿ.ಶ. 1060. ಗುರುಗಳ ಓದಿಗೆ ಶಿಷ್ಯ ಇನ್ನೂರು ವರ್ಷ ಸೇರಿಸಿದ. ಕಲ್ಲಿನ ಮೇಲಿನ ಒಂದು ಸವೆದ ಅಂಕಿಯಲ್ಲಿ ನನ್ನ ಇಡೀ ಭಾಷಣ ಮುಳುಗಿಹೋಯಿತು. 1060ಕ್ಕೆ ಅಮೋಘವರ್ಷ ಎಲ್ಲಿ? ಅವನ ವಂಶವೇ ಅಳಿದು ಹತ್ತಿರ ಹತ್ತಿರ ತೊಂಬತ್ತು ವರ್ಷವಾಗಿತ್ತು.

ಕಟ್ಟಿದವರು ಉತ್ತರ ಕೊಂಕಣದ ಶಿಲಾಹಾರರು. ಠಾಣೆಯ ಸುತ್ತಮುತ್ತ ಆಳಿದವರು. ಶಾಸನ ಹೇಳುವ ದೊರೆ ಮಾಮ್ವಾಣಿ; ಮುಮ್ಮುಣಿ ಎಂದೂ ಅವನನ್ನೇ ಕರೆಯುತ್ತಾರೆ. ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ ಮೂವರು ಅಣ್ಣತಮ್ಮಂದಿರು, ಒಬ್ಬರಾದ ಮೇಲೊಬ್ಬರು ಪಟ್ಟಕ್ಕೆ ಬಂದವರು. ಗುಡಿಯನ್ನು ಹಿರಿಯಣ್ಣ ಛಿತ್ತರಾಜ ಶುರು ಮಾಡಿಸಿರಬೇಕು, ಕಿರಿಯವನು ಮುಗಿಸಿದ ಎಂದು ವಿದ್ವಾಂಸರು ಊಹಿಸುತ್ತಾರೆ. ಇನ್ನು ಗುಡಿಯ ಶೈಲಿ ಭೂಮಿಜ. ಅದು ಮಾಳವದ ಕಡೆಯಿಂದ ಇಳಿದು ಬಂದದ್ದು, ನಮ್ಮ ಐಹೊಳೆ-ಪಟ್ಟದಕಲ್ಲಿನಿಂದಲ್ಲ. ಹಾಗಾಗಿ 'ಇದು ಕನ್ನಡದ ಗುಡಿ' ಎಂದು ಯಾರಾದರೂ ಹೇಳಿದರೆ ನಾನು ಈಗ ತಲೆ ಆಡಿಸುವುದಿಲ್ಲ.

ಹಾಗಂತ ಕನ್ನಡಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರೂ ತಪ್ಪು. ಶಿಲಾಹಾರರು ಕೊಂಕಣದಲ್ಲಿ ನೆಲೆಯೂರಿದ್ದು ರಾಷ್ಟ್ರಕೂಟರ ಸಾಮಂತರಾಗಿ. ಬೋರಿವಲಿಯ ಕನ್ಹೇರಿ ಗುಹೆಗಳಿಗೆ ನೀವು ಮಳೆಗಾಲದಲ್ಲಿ ಪಿಕ್ನಿಕ್ ಹೋಗಿರಬಹುದು. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ಶಿಲಾಹಾರ ಪುಲ್ಲಶಕ್ತಿ, ಕಪರ್ದಿಗಳ ಹೆಸರಿನ ಜೊತೆಗೆ ಅವರ ಒಡೆಯನಾಗಿ ಅಮೋಘವರ್ಷ ಬರುತ್ತಾನೆ. ನನ್ನ ದೊರೆ ಇದ್ದ, ನಾನು ತಪ್ಪು ಸ್ಟೇಷನ್ನಿನಲ್ಲಿ ಹುಡುಕಿದ್ದೆ, ಅಷ್ಟೆ. ಈ ವಂಶದಲ್ಲಿ ವಪ್ಪುವನ್ನ ಎಂಬ ಹೆಸರು ಬರುತ್ತದೆ. ಕೊನೆಯ 'ಅನ್ನ' ನಮ್ಮ 'ಅಣ್ಣ' ಅಲ್ಲದೆ ಇನ್ನೇನು? ಅವರ ಬಿರುದುಗಳಲ್ಲಿ 'ಮಲಗಲಗಂಡ' ಎಂಬುದೊಂದು. ಶೂರ ಎಂಬ ಅರ್ಥದ ಈ 'ಗಂಡ' ಕನ್ನಡದ್ದೇ. ಇವರ ದಾಯಾದಿಗಳಾದ ಕೊಲ್ಹಾಪುರದ ಶಿಲಾಹಾರರಂತೂ ಶಾಸನಗಳನ್ನೇ ಕನ್ನಡದಲ್ಲಿ ಹಾಕಿಸಿದರು. ಇಲ್ಲಿಯವರು ಬರೆಸಿದ್ದು ಸಂಸ್ಕೃತದಲ್ಲಿ, ಸುತ್ತಲಿನ ಜನರ ಮಾತು ಮರಾಠಿಯಾಗುತ್ತಿತ್ತು, ಹೆಸರು-ಬಿರುದು ಮಾತ್ರ ಹಳೆಯ ಮನೆಯವು. ನಮ್ಮ ಮಕ್ಕಳ ಜಾತಕ ಇದಕ್ಕಿಂತ ಬಹಳ ಬೇರೆಯೇನಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಒಂದು ತಾಮ್ರಪಟ. ಕಲ್ಯಾಣದಿಂದ ಆಚೆ, ಭಿವಂಡಿ ತಾಲೂಕಿನಲ್ಲಿ ಭಾದಾಣೆ ಎಂಬ ಹಳ್ಳಿ. (ಕಲ್ಯಾಣ ಅಂದರೆ ಈ ಜಂಕ್ಷನ್ನಿನ ಕಲ್ಯಾಣ. ಬಸವಣ್ಣನವರ ಕಲ್ಯಾಣವಲ್ಲ, ಆ ಗೊಂದಲವನ್ನು ನಮ್ಮ ಸಂಘದಲ್ಲಿ ವರ್ಷಕ್ಕೊಮ್ಮೆಯಾದರೂ ಬಿಡಿಸಬೇಕಾಗುತ್ತದೆ.) ಆ ಹಳ್ಳಿಯನ್ನು ಲೋಣಾದಿತ್ಯ ಎಂಬ ದೇವರಿಗೆ ದಾನ ಕೊಟ್ಟು ಶಿಲಾಹಾರ ಅಪರಾಜಿತ 997ರಲ್ಲಿ ತಾಮ್ರಪಟ ಬರೆಸಿದ. ರಾಷ್ಟ್ರಕೂಟರನ್ನು ಚಾಲುಕ್ಯ ತೈಲಪ ಮುರಿದದ್ದು 973ರಲ್ಲಿ. ಅಂದರೆ ಒಡೆಯರು ಅಳಿದು ಇಪ್ಪತ್ತನಾಲ್ಕು ವರ್ಷ. ಇನ್ನು ಅವರಿಂದ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಆದರೂ ಅಪರಾಜಿತ ತನ್ನ ವಂಶಾವಳಿಯ ಜೊತೆಗೆ ರಾಷ್ಟ್ರಕೂಟರ ವಂಶಾವಳಿಯನ್ನೂ ಪೂರ್ತಿ ಬರೆಸುತ್ತಾನೆ. ಕೊನೆಯ ದೊರೆ ಕಕ್ಕಲನನ್ನು ತೈಲಪ ಸೋಲಿಸಿದ್ದನ್ನು ಹೇಳಿ, ಆ ರಾಜ್ಯ ಈಗ ನೆನಪಾಗಿ ಮಾತ್ರ ಉಳಿದಿದೆಯಲ್ಲ ಎಂದು ಮರುಗುತ್ತಾನೆ. ಗೆದ್ದ ತೈಲಪನನ್ನು ಒಡೆಯನೆಂದು ಒಪ್ಪುವ ಮಾತೇ ಅದರಲ್ಲಿ ಇಲ್ಲ. ಬೆಂಗಳೂರಿನ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿಯಲ್ಲಿ ಜನರನ್ನು ತುಂಬಿಸಿಕೊಂಡು ನಮ್ಮ ಅಂಬರನಾಥದ ಮೇಲೆಯೇ ಹಾದು ಕಲ್ಯಾಣದಲ್ಲಿ ಇಳಿಸುತ್ತದೆ. ಮಳಖೇಡ ಆ ಕಲಬುರಗಿ ಜಿಲ್ಲೆಯಲ್ಲಿದೆ. ಕಟ್ಟಡ ಕೆಲಸಕ್ಕೆ ಬಂದ ಸೇಡಂ ಕಡೆಯವರು ಪ್ಲಾಟ್‌ಫಾರ್ಮಿನಲ್ಲಿ ಗಂಟುಮೂಟೆ ಇಟ್ಟು ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಆ ತಾಮ್ರಪಟ ನೆನಪಾಗುತ್ತದೆ.

ಇದನ್ನೆಲ್ಲ ಅಣ್ಣನಿಗೆ ಹೇಳುತ್ತಾ ಗುಡಿಗೆ ಒಂದು ಸುತ್ತು ಬಂದೆವು. ಅವನು ಕೇಳಿದ್ದು ಬೇರೆಯೇ: "ಇದನ್ನು ಯಾರೂ ಎತ್ತಿಕೊಂಡು ಹೋಗಲಿಲ್ವಾ?"

ಒಳ್ಳೆಯ ಪ್ರಶ್ನೆ. ಎತ್ತಿಕೊಂಡು ಹೋಗಲಿಲ್ಲ, ಅಚ್ಚು ತೆಗೆದುಕೊಂಡು ಹೋದರು. 1868ರಲ್ಲಿ ಸರಕಾರ ಮುಂಬೈಯ ಜೆ.ಜೆ. ಕಲಾಶಾಲೆಯ ಟೆರಿ ಎಂಬವರನ್ನು ವಿದ್ಯಾರ್ಥಿಗಳೊಂದಿಗೆ ಇಲ್ಲಿಗೆ ಕಳಿಸಿತು. ಅವರು ಚಿತ್ರ ಬರೆದರು, ಫೋಟೋ ತೆಗೆದರು, ಕೆತ್ತನೆಗಳ ಅಚ್ಚು ಹಿಡಿದರು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಜಗತ್ತಿನ ಕಟ್ಟಡಗಳ ಪಡಿಯಚ್ಚುಗಳನ್ನು ಕೂಡಿಹಾಕುತ್ತಿದ್ದ ಕಾಲ ಅದು. ಮರುವರ್ಷ ಸಾಂಚಿಯ ತೋರಣಕ್ಕೂ ಹಾಗೇ ಅಚ್ಚು ಹಿಡಿದರು. ಮೂಲ ಇಲ್ಲೇ ಉಳಿಯಿತು ಎನ್ನುವುದು ನಮ್ಮ ಅದೃಷ್ಟ.

ಎಲ್ಲ ಕಲ್ಲುಗಳಿಗೂ ಆ ಅದೃಷ್ಟ ಇರಲಿಲ್ಲ. ಮರುದಿನ ಅಣ್ಣನನ್ನು ಮುಂಬೈಗೆ ಕರೆದುಕೊಂಡು ಹೋದೆ, ಆದರೆ ಈ ಸಲ ಗೇಟ್‌ವೇಗಲ್ಲ, ಅದರ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯಕ್ಕೆ. 1922ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದು ತೆರೆದದ್ದು. ಕೆಳಗಿನ ಶಿಲ್ಪಗಳ ಸಾಲಿನಲ್ಲಿ ಐಹೊಳೆಯ ಬ್ರಹ್ಮನಿದ್ದಾನೆ. ಹುಚ್ಚಪ್ಪಯ್ಯನ ಹೆಸರಿನ ಗುಡಿಯ ಮುಚ್ಚಿಗೆಯ ಚಪ್ಪಡಿ ಅದು, 7ನೇ ಶತಮಾನದ್ದು. ಅಲ್ಲಿಂದಲೇ ಬಂದ ಶೇಷಶಾಯಿ ವಿಷ್ಣುವೂ ಇದ್ದಾನೆ. ಐಹೊಳೆಯಲ್ಲಿ ಇವರನ್ನು ನೋಡಲು ಕತ್ತು ಎತ್ತಬೇಕಿತ್ತು, ಇಲ್ಲಿ ಎದುರಿಗೆ ನಿಂತು ಬೆರಳಿನ ಉಗುರನ್ನೂ ನೋಡಬಹುದು. ಅದು ಲಾಭ. ಆದರೆ ಆಕಾಶದಲ್ಲಿ ಇರಬೇಕಾದವರನ್ನು ಗೋಡೆಗೆ ಒರಗಿಸಿದ ಹಾಗೆ ನನಗೆ ಅನಿಸುತ್ತದೆ. ಅಣ್ಣ ಚಪ್ಪಡಿಯ ಕೆಳಗಿನ ಫಲಕ ಓದಿ, "ಇವರೂ ನಿಮ್ಮ ಹಾಗೆ ಇಲ್ಲೇ ಸೆಟ್ಲ್ ಆದವರು" ಎಂದ.

ಬರುವಾಗ ಲೋಕಲ್‌ನಲ್ಲಿ ಸೀಟು ಸಿಕ್ಕಿತ್ತು. ಅಣ್ಣ ಮಣಿಪಾಲದ ಹೆರಿಟೇಜ್ ವಿಲೇಜ್ ಬಗ್ಗೆ ಮಾತು ತೆಗೆದ. ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ ಅವರು ಬೀಳುತ್ತಿದ್ದ ಹಳೆಯ ಮನೆಗಳನ್ನು ತೊಲೆ, ಕಂಬ, ಹಂಚು ಸಮೇತ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್ ಅಲ್ಲಿದೆ, ನಮ್ಮ ಕುಂದಾಪುರದ ವಡೇರಹೋಬಳಿಯ ಮನೆಯೂ ಇದೆ. ಶೆಣೈಯವರು 2017ರಲ್ಲಿ ತೀರಿಕೊಂಡರು. "ನಮ್ಮ ಮನೆಯಂಥದ್ದೇ ಮಾರಾಯ," ಎಂದ ಅಣ್ಣ, "ಟಿಕೆಟ್ ಕೊಟ್ಟು ಚಾವಡಿ ನೋಡಿ ಬಂದೆ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆ ಮನೆಗಳು ಯಾಕೆ ಬೀಳುತ್ತಿದ್ದವು ಎಂದು ನಮಗೆ ಗೊತ್ತು. 1974ರ ಭೂಸುಧಾರಣೆಯಲ್ಲಿ ಗೇಣಿಯ ಅಕ್ಕಿ ನಿಂತಿತು. ಅದು ನಿಲ್ಲಬೇಕಾದದ್ದೇ, ಉಳುವವನ ಬೆವರಿನ ಮೇಲೆ ನಿಂತ ಚಾವಡಿ ಅದು. ಕೂಡುಕುಟುಂಬ ಒಡೆಯಿತು, ಗಂಡಸರು ಮುಂಬೈ ಬಸ್ಸು ಹತ್ತಿದರು. ನಮ್ಮದರಲ್ಲೂ ಮೂವರು ಅಣ್ಣತಮ್ಮಂದಿರು. ಕಂಬಗಳನ್ನೂ, ಮುಚ್ಚಿಗೆಯ ಹಲಗೆಗಳನ್ನೂ, ಹೆಬ್ಬಾಗಿಲಿನ ದಾರಂದವನ್ನೂ ಒಬ್ಬ ವ್ಯಾಪಾರಿ ಒಂದೇ ಲಾರಿಯಲ್ಲಿ ಸಾಗಿಸಿದ. ಅಪ್ಪಯ್ಯನ ಪಾಲಿನ ದುಡ್ಡು ಅಂಬರನಾಥದ ಒಂದು ರೂಮು-ಕಿಚನ್ನಿಗೆ ಮುಂಗಡವಾಯಿತು. ನಾನು ಓದಿದ್ದು, ನನ್ನ ಮದುವೆ ಆದದ್ದು, ಮಗಳು ಹುಟ್ಟಿದ್ದು ಆ ಗೋಡೆಗಳೊಳಗೆ. ಹಳೆಮನೆ ಉಳಿಸಬೇಕಿತ್ತು ಎಂದು ಯಾರಾದರೂ ಬರೆದರೆ ಓದುತ್ತೇನೆ, ಒಪ್ಪುತ್ತೇನೆ, ಆದರೆ ಜೋರಾಗಿ ಹೇಳುವ ಹಕ್ಕು ನನಗಿದೆ ಎನಿಸುವುದಿಲ್ಲ.

ಅಣ್ಣ ಹೊರಡುವ ದಿನ ಬೆಳಿಗ್ಗೆ ತಾನೇ ಇನ್ನೊಮ್ಮೆ ಗುಡಿಗೆ ಹೋಗೋಣ ಎಂದ. ಮಗಳೂ ಬಂದಳು. ಜನ ಇರಲಿಲ್ಲ. ಅಣ್ಣ ಉತ್ತರದ ಬಾಗಿಲಿಗೆ ಹೋಗಿ ಶಾಸನ ಎಲ್ಲಿ ಎಂದು ಕೇಳಿದ, ತೋರಿಸಿದೆ. ಕನ್ನಡಕ ಹಾಕಿ ತಲೆ ಎತ್ತಿ ಬಹಳ ಹೊತ್ತು ನೋಡಿದ. ಒಂದಕ್ಷರವೂ ಅವನಿಗೆ ತಿಳಿಯಲಿಲ್ಲ, ನನಗೂ ಅಷ್ಟೇ. ಆಮೇಲೆ ಬಾಗಿಲಿನ ಚೌಕಟ್ಟಿಗೆ ಕೈ ತಾಗಿಸಿ, ಒಂದು ಬದಿಯಿಂದ ಗೇಣು ಹಾಕುತ್ತಾ ಇನ್ನೊಂದು ಬದಿಗೆ ಬಂದ.

"ನಮ್ಮ ಹೆಬ್ಬಾಗಿಲೂ ಹೆಚ್ಚುಕಡಿಮೆ ಇಷ್ಟೇ ಅಗಲ ಇತ್ತು" ಎಂದ ಮಗಳಿಗೆ. "ಹಲಸಿನದ್ದು."