ಬೆಂಕಿಗೀಡಾದ ತೋಟಗಳ ಪುನಶ್ಚೇತನ

ಬೆಂಕಿಗೀಡಾದ ತೋಟಗಳ ಪುನಶ್ಚೇತನ ಎಂದರೆ ಕಾಳ್ಗಿಚ್ಚು, ಹುಲ್ಲಿನ ಬೆಂಕಿ ಅಥವಾ ನೆರೆಹೊಲದಿಂದ ಹರಡಿದ ಬೆಂಕಿಯಿಂದ ಹಾನಿಗೊಂಡ ಹಣ್ಣಿನ ತೋಟ ಮತ್ತು ಮನೆತೋಟಗಳ ಮಣ್ಣು, ಮರ ಹಾಗೂ ನೀರಾವರಿ ವ್ಯವಸ್ಥೆಯನ್ನು ಮತ್ತೆ ಫಲ ಕೊಡುವ ಸ್ಥಿತಿಗೆ ತರುವ ಕ್ರಮಬದ್ಧ ಕೆಲಸ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ, ಜಮಖಂಡಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಂತಹ ಒಣ ಪ್ರದೇಶಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಇಲ್ಲಿ ದಾಳಿಂಬೆ, ಲಿಂಬೆ, ಚಿಕ್ಕು, ಮಾವು, ದ್ರಾಕ್ಷಿ ಮತ್ತು ಬಾಳೆ ತೋಟಗಳು ಕಬ್ಬಿನ ಹೊಲಗಳ ಹಾಗೂ ಕುರುಚಲು ಕಾಡಿನ ಪಕ್ಕದಲ್ಲೇ ಇವೆ. ಹಣ್ಣಿನ ತೋಟ ಫಲಕ್ಕೆ ಬರಲು ಹಲವು ವರ್ಷ ಬೇಕಾಗುವುದರಿಂದ, ಸುಟ್ಟ ಮರವನ್ನು ಕೀಳಬೇಕೋ ಉಳಿಸಬೇಕೋ ಎಂಬ ನಿರ್ಧಾರವು ಸಣ್ಣ ಹಿಡುವಳಿದಾರರ ಮುಂದಿನ ಹಲವು ವರ್ಷಗಳ ಆದಾಯವನ್ನು ನಿರ್ಣಯಿಸುತ್ತದೆ.

ಪ್ರಾದೇಶಿಕ ಹಿನ್ನೆಲೆ

ಬೀಳಗಿ ತಾಲ್ಲೂಕು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಇದೆ. ನದಿತೀರಗಳಲ್ಲಿ ಎರೆಭೂಮಿಯೂ ಎತ್ತರದ ಕಡೆಗಳಲ್ಲಿ ಮಸಾರಿ ಹಾಗೂ ಕಲ್ಲುಮಿಶ್ರಿತ ಭೂಮಿಯೂ ಕಂಡುಬರುತ್ತವೆ. ವಾರ್ಷಿಕ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ. ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ನಡುವೆ ಬೀಳುತ್ತದೆ. ಫೆಬ್ರುವರಿಯಿಂದ ಮೇ ತಿಂಗಳವರೆಗೆ ಹುಲ್ಲು, ಕಸಕಡ್ಡಿ ಸಂಪೂರ್ಣ ಒಣಗಿರುತ್ತವೆ. ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವು ಸುಮಾರು 96 ಚದರ ಕಿ.ಮೀ. ವಿಸ್ತಾರದ ಒಣ ಕುರುಚಲು ಕಾಡು. ಅದರ ಅಂಚಿನ ಹೊಲಗಳಿಗೆ ಹುಲ್ಲಿನ ಬೆಂಕಿಯ ಅಪಾಯವಿರುತ್ತದೆ.

ಈ ಭಾಗದಲ್ಲಿ ಬೆಂಕಿಗೆ ಕಾಡಿಗಿಂತ ಕೃಷಿಯೇ ಹೆಚ್ಚಾಗಿ ನಿಮಿತ್ತವಾಗುತ್ತದೆ. ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗಳನ್ನು ಸ್ಥಳೀಯವಾಗಿ ರವದಿ ಎನ್ನುತ್ತಾರೆ. ಕೂಳೆ ಬೆಳೆಗೆ ಹೊಲವನ್ನು ಬೇಗ ಸಿದ್ಧಪಡಿಸಲು ರವದಿಗೆ ಬೆಂಕಿ ಹಚ್ಚುವ ರೂಢಿಯಿದೆ. ಮಧ್ಯಾಹ್ನದ ಗಾಳಿಗೆ ಕಿಡಿ ಹಾರಿ ಪಕ್ಕದ ತೋಟದ ಬೇಲಿಗೆ ತಗುಲುವುದು, ಜೋತುಬಿದ್ದ ವಿದ್ಯುತ್ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುವುದು, ದಾರಿಹೋಕರು ಎಸೆದ ಬೀಡಿಯ ತುಂಡು ಇವು ಸಾಮಾನ್ಯ ಕಾರಣಗಳು.

ಮರಕ್ಕೆ ಆಗುವ ಹಾನಿ

ಮರದ ತೊಗಟೆಯ ಕೆಳಗಿರುವ ತೆಳುವಾದ ಜೀವಂತ ಪದರವನ್ನು ಕ್ಯಾಂಬಿಯಂ ಎನ್ನುತ್ತಾರೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಪದರದ ಜೀವಕೋಶಗಳು ಅಲ್ಪಕಾಲದಲ್ಲೇ ಸಾಯುತ್ತವೆ. ತೊಗಟೆ ದಪ್ಪವಾಗಿದ್ದಷ್ಟೂ ಶಾಖ ಒಳಗೆ ತಲುಪುವುದು ತಡವಾಗುತ್ತದೆ. ಹಳೆಯ ಹುಣಸೆ, ಬೇವು ಮತ್ತು ಮಾವಿನ ಮರಗಳು ಹುಲ್ಲಿನ ಬೆಂಕಿಯನ್ನು ತಾಳಿಕೊಳ್ಳುವುದಕ್ಕೆ ಇದೇ ಕಾರಣ. ದಾಳಿಂಬೆ, ಲಿಂಬೆ ಮತ್ತು ಎಳೆಯ ಚಿಕ್ಕು ಗಿಡಗಳ ತೊಗಟೆ ತೆಳುವಾದ್ದರಿಂದ ಅವು ಬೇಗ ಹಾನಿಗೊಳ್ಳುತ್ತವೆ. ಕಾಂಡದ ಸುತ್ತಲೂ ಕ್ಯಾಂಬಿಯಂ ಸತ್ತರೆ ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ. ಅಂತಹ ಮರ ಕೆಲವು ತಿಂಗಳು ಹಸಿರಾಗಿದ್ದು ನಂತರ ಒಣಗಬಹುದು.

ಜ್ವಾಲೆಯ ಎತ್ತರಕ್ಕಿಂತ ಬೆಂಕಿ ಒಂದೆಡೆ ನಿಂತ ಅವಧಿ ಮುಖ್ಯ. ಒಣಹುಲ್ಲಿನ ಬೆಂಕಿ ಕ್ಷಣಗಳಲ್ಲಿ ದಾಟಿಹೋಗುತ್ತದೆ. ಬುಡದಲ್ಲಿ ರಾಶಿ ಹಾಕಿದ ಹೊದಿಕೆ, ರವದಿ ಅಥವಾ ಗೊಬ್ಬರದ ಗುಡ್ಡೆ ಗಂಟೆಗಟ್ಟಲೆ ಹೊಗೆಯಾಡುತ್ತ ಕಾಂಡದ ಬುಡವನ್ನೂ ಮೇಲ್ಪದರದ ಬೇರುಗಳನ್ನೂ ಬೇಯಿಸುತ್ತದೆ. ಹನಿ ನೀರಾವರಿಯ ಪ್ಲಾಸ್ಟಿಕ್ ಕೊಳವೆ ಕಾಂಡಕ್ಕೆ ತಾಗಿ ಉರಿದ ಜಾಗದಲ್ಲೂ ಗಾಯ ಆಳವಾಗಿರುತ್ತದೆ.

ಮಣ್ಣಿನ ಮೇಲಿನ ಪರಿಣಾಮ

ಒಣ ಮಣ್ಣು ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ. ಆದ್ದರಿಂದ ಹುಲ್ಲಿನ ಬೆಂಕಿಯಲ್ಲಿ ಕೆಲವೇ ಸೆಂಟಿಮೀಟರ್ ಆಳದ ಬೇರುಗಳು ಕೂಡ ಸಾಮಾನ್ಯವಾಗಿ ಉಳಿಯುತ್ತವೆ. ಮೇಲ್ಪದರದ ಸಾವಯವ ಅಂಶ ಉರಿದು ಅದರಲ್ಲಿದ್ದ ಸಾರಜನಕದ ಹೆಚ್ಚಿನ ಭಾಗ ಗಾಳಿ ಸೇರುತ್ತದೆ. ಸುಣ್ಣ, ಪೊಟ್ಯಾಶ್ ಮತ್ತು ಸ್ವಲ್ಪ ರಂಜಕ ಬೂದಿಯಲ್ಲಿ ಉಳಿಯುತ್ತವೆ. ಬೂದಿ ಕ್ಷಾರಗುಣವುಳ್ಳದ್ದು. ಮಲೆನಾಡಿನ ಆಮ್ಲೀಯ ಮಣ್ಣಿಗೆ ಅದು ಉಪಕಾರಿಯಾಗಬಹುದಾದರೂ ಈ ಭಾಗದ ಎರೆಭೂಮಿ ಮೊದಲೇ ಕ್ಷಾರದ ಕಡೆಗಿರುತ್ತದೆ. ಆದ್ದರಿಂದ ಬೂದಿಯನ್ನು ಗಿಡದ ಬುಡಕ್ಕೆ ಒಟ್ಟುಗೂಡಿಸದೆ ತೆಳುವಾಗಿ ಹರಡುವುದು ಸೂಕ್ತ. ಪಾತಿಯಲ್ಲಿ ಬೂದಿ ಹೆಚ್ಚಾದರೆ ಕಬ್ಬಿಣ ಮತ್ತು ಸತುವು ಬೇರಿಗೆ ದೊರೆಯದೆ ಎಳೆಯ ಎಲೆಗಳು ಹಳದಿಯಾಗುತ್ತವೆ.

ತೀವ್ರ ಬೆಂಕಿಯ ನಂತರ ಮಣ್ಣಿನ ಕಣಗಳ ಮೇಲೆ ಮೇಣದಂತಹ ಲೇಪ ಕಟ್ಟಿ ನೀರು ಇಂಗದ ಸ್ಥಿತಿ ಉಂಟಾಗಬಹುದು. ಮರಳಿನ ಅಂಶ ಹೆಚ್ಚಿರುವ ಮಸಾರಿ ಮಣ್ಣಿನಲ್ಲಿ ಇದರ ಸಾಧ್ಯತೆ ಹೆಚ್ಚು. ಬೂದಿಯನ್ನು ಸರಿಸಿ ಮಣ್ಣಿನ ಮೇಲೆ ಕೆಲವು ಹನಿ ನೀರು ಹಾಕಿದಾಗ ಅವು ಮಣಿಗಳಂತೆ ನಿಂತರೆ ಈ ತೊಂದರೆ ಇದೆಯೆಂದು ತಿಳಿಯಬಹುದು. ಅಂತಹ ಕಡೆ ಮೇಲ್ಮಣ್ಣನ್ನು ಹಗುರವಾಗಿ ಕೆದಕಿ ಹೊದಿಕೆ ಹಾಕಲಾಗುತ್ತದೆ. ಇಲ್ಲವಾದರೆ ಮೇ ತಿಂಗಳ ಅಡ್ಡಮಳೆಗೆ ಮೇಲ್ಮಣ್ಣು ಬೂದಿಯೊಂದಿಗೆ ಕೊಚ್ಚಿಹೋಗುತ್ತದೆ.

ಮೊದಲ ಕ್ರಮಗಳು

ಬೆಂಕಿ ಆರಿದ ನಂತರವೂ ಒಳಗೆ ಉರಿಯುತ್ತಿರುವ ಬೊಡ್ಡೆಗಳನ್ನು, ಗೊಬ್ಬರದ ಗುಡ್ಡೆಗಳನ್ನು ನೀರು ಹಾಕಿ ತಣಿಸಬೇಕು. ಹರಿದ ವಿದ್ಯುತ್ ತಂತಿಗಳಿದ್ದರೆ ಪೂರೈಕೆ ನಿಲ್ಲಿಸುವವರೆಗೆ ತೋಟದೊಳಗೆ ಹೋಗಬಾರದು. ಸ್ವಚ್ಛಗೊಳಿಸುವ ಮೊದಲೇ ಹಾನಿಯ ಛಾಯಾಚಿತ್ರ ತೆಗೆದು, ಮರಗಳನ್ನು ಎಣಿಸಿ, ಪಂಚನಾಮೆ ಮಾಡಿಸುವುದು ಅಗತ್ಯ. ಕರಗಿದ ಕೊಳವೆಗಳನ್ನು ಆಯ್ದು ತೆಗೆಯಬೇಕು. ಅವುಗಳನ್ನು ಅಲ್ಲೇ ಮತ್ತೆ ಸುಡುವುದರಿಂದ ವಿಷಕಾರಿ ಹೊಗೆ ಹೊಮ್ಮುತ್ತದೆ.

ಬೆಂಕಿಯಿಂದ ಉಳಿದ ಮರಕ್ಕೆ ಮುಂದಿನ ಅಪಾಯ ಬಿಸಿಲಿನದು. ಎಲೆಗಳ ನೆರಳು ಇಲ್ಲವಾಗಿ ತೊಗಟೆ ಸೀಳುತ್ತದೆ. ಕಾಂಡ ಮತ್ತು ದಪ್ಪ ಕೊಂಬೆಗಳಿಗೆ ತಿಳಿಸುಣ್ಣ ಬಳಿಯುವುದು ಇದಕ್ಕೆ ಸುಲಭ ಪರಿಹಾರ. ನೀರನ್ನು ಸ್ವಲ್ಪಸ್ವಲ್ಪವಾಗಿ, ನಿಯಮಿತವಾಗಿ ಕೊಡಲಾಗುತ್ತದೆ. ಎಲೆಯಿಲ್ಲದ ಮರ ಕಡಿಮೆ ನೀರು ಹೀರುವುದರಿಂದ ಎರೆಭೂಮಿಯಲ್ಲಿ ಹೆಚ್ಚು ನೀರು ನಿಲ್ಲಿಸಿದರೆ ಬೇರುಗಳು ಗಾಳಿಯಿಲ್ಲದೆ ಕೊಳೆಯುತ್ತವೆ.

ಬದುಕಿರುವ ಮರದ ಪರೀಕ್ಷೆ

ಕಾಂಡದ ನಾಲ್ಕೂ ದಿಕ್ಕಿನಲ್ಲಿ, ನೆಲದ ಸಮೀಪ ಹಾಗೂ ಮೇಲೆ, ಚಾಕುವಿನ ತುದಿಯಿಂದ ತೊಗಟೆಯನ್ನು ಸಣ್ಣದಾಗಿ ಕೆರೆದು ನೋಡಲಾಗುತ್ತದೆ. ಒಳಪದರ ತಿಳಿಹಸಿರು ಅಥವಾ ಬಿಳಿಯಾಗಿದ್ದು ತೇವವಾಗಿದ್ದರೆ ಜೀವವಿದೆ. ಕಂದುಬಣ್ಣಕ್ಕೆ ತಿರುಗಿ ಒಣಗಿದ್ದರೆ ಆ ಭಾಗ ಸತ್ತಿದೆ. ಎಲೆ ಸುಟ್ಟಿರುವುದು ಮಾತ್ರ ಮರ ಸತ್ತದ್ದರ ಗುರುತಲ್ಲ. ಒಂದು ಬದಿ ಮಾತ್ರ ಸತ್ತಿರುವ ಮರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಅಂತಿಮ ನಿರ್ಧಾರವನ್ನು ಮುಂಗಾರಿನ ಮೊದಲ ಮಳೆಗಳ ನಂತರ ಚಿಗುರು ನೋಡಿ ಕೈಗೊಳ್ಳುವುದು ರೂಢಿ. ಅವಸರದಲ್ಲಿ ಜೇಸಿಬಿ ತಂದು ಕಿತ್ತರೆ ವರ್ಷಗಳ ಕಾಲ ಬೆಳೆದ ಬೇರಿನ ಜಾಲವೂ ನಷ್ಟವಾಗುತ್ತದೆ.

ಬೆಳೆವಾರು ಪುನಶ್ಚೇತನ

ದಾಳಿಂಬೆ: ಈ ಭಾಗದ ದಾಳಿಂಬೆ ಗಿಡಗಳನ್ನು ಬಹುಮಟ್ಟಿಗೆ ಗೂಟಿ ವಿಧಾನದಿಂದ ಬೆಳೆಸಲಾಗುತ್ತದೆ. ಗೂಟಿ ಗಿಡದಲ್ಲಿ ಕಸಿ ಗಂಟು ಇರುವುದಿಲ್ಲವಾದ್ದರಿಂದ ಬುಡದಿಂದ ಬರುವ ಚಿಗುರು ಮೂಲ ತಳಿಯದೇ ಆಗಿರುತ್ತದೆ. ಮೇಲ್ಭಾಗ ಪೂರ್ಣ ಸುಟ್ಟ ಗಿಡವನ್ನು ನೆಲದ ಸಮೀಪ ಕತ್ತರಿಸಿ, ಬಲವಾದ ಮೂರು ನಾಲ್ಕು ಚಿಗುರುಗಳನ್ನು ಬೇರೆಬೇರೆ ದಿಕ್ಕಿಗೆ ಉಳಿಸಿ, ಉಳಿದವನ್ನು ತೆಗೆಯಲಾಗುತ್ತದೆ. ದುಂಡಾಣು ಅಂಗಮಾರಿ ರೋಗ ಹರಡದಂತೆ ಪ್ರತಿ ಗಿಡದ ನಂತರ ಕತ್ತರಿಯನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಅಂಬೆ, ಮೃಗ ಮತ್ತು ಹಸ್ತ ಬಹಾರ್‌ಗಳ ಪೈಕಿ ಯಾವುದನ್ನು ಹಿಡಿಯುವ ರೂಢಿಯಿದ್ದರೂ, ಚೇತರಿಕೆಯ ಮೊದಲ ವರ್ಷ ಹೂವನ್ನು ಉದುರಿಸಿ ಗಿಡಕ್ಕೆ ವಿಶ್ರಾಂತಿ ಕೊಡಲಾಗುತ್ತದೆ.

ಮಾವು ಮತ್ತು ಚಿಕ್ಕು: ಇವು ಕಸಿ ಗಿಡಗಳು. ಕಸಿ ಗಂಟಿನ ಮೇಲಿನಿಂದ ಚಿಗುರು ಬಂದರೆ ತಳಿ ಉಳಿದಿದೆ ಎಂದರ್ಥ. ಗಂಟಿನ ಕೆಳಗಿನ ಚಿಗುರು ಬೇರುಸಸಿಯದು. ಅದನ್ನು ಬೆಳೆಯಲು ಬಿಟ್ಟರೆ ಮಾವಿನಲ್ಲಿ ನಾಟಿ ಮಾವು, ಚಿಕ್ಕುವಿನಲ್ಲಿ ಬೇರುಸಸಿಯಾಗಿ ಬಳಸುವ ಖಿರ್ನಿ ಮರ ಬರುತ್ತದೆ. ಮೇಲ್ಭಾಗ ಸತ್ತು ಬೇರುಸಸಿ ಮಾತ್ರ ಉಳಿದಾಗ ಅದೇ ಚಿಗುರಿಗೆ ಬೇಕಾದ ತಳಿಯನ್ನು ಮತ್ತೆ ಕಸಿ ಕಟ್ಟಬಹುದು.

ಲಿಂಬೆ: ಉತ್ತರ ಕರ್ನಾಟಕದಲ್ಲಿ ಕಾಗ್ಜಿ ಲಿಂಬೆಯನ್ನು ಹೆಚ್ಚಾಗಿ ಬೀಜದ ಸಸಿಗಳಿಂದ ಬೆಳೆಸುವುದರಿಂದ ಬುಡದ ಚಿಗುರನ್ನು ಉಳಿಸಿಕೊಳ್ಳಬಹುದು. ಕಸಿ ಗಿಡವಾಗಿದ್ದರೆ ಗಂಟಿನ ನಿಯಮವೇ ಅನ್ವಯಿಸುತ್ತದೆ.

ದ್ರಾಕ್ಷಿ: ಡಾಗ್‌ರಿಡ್ಜ್ ಬೇರುಸಸಿಯ ಮೇಲೆ ಕಸಿ ಮಾಡಿದ ಬಳ್ಳಿಗಳಲ್ಲಿ ಕಸಿ ಗಂಟಿನ ಮೇಲಿನ ಕಾಂಡ ಹಸಿರಾಗಿದ್ದರೆ ಅಲ್ಲಿಗೆ ಕತ್ತರಿಸಿ ಹೊಸ ಕಾಂಡವನ್ನು ಚಪ್ಪರಕ್ಕೆ ಹಬ್ಬಿಸಲಾಗುತ್ತದೆ. ಬೆಂಕಿಯಲ್ಲಿ ಕಾದ ಚಪ್ಪರದ ತಂತಿಗಳು ಬಲ ಕಳೆದುಕೊಂಡಿರಬಹುದಾದ್ದರಿಂದ ಅವನ್ನು ಪರೀಕ್ಷಿಸಬೇಕಾಗುತ್ತದೆ.

ಬಾಳೆ ಮತ್ತು ತೆಂಗು: ಬಾಳೆಯ ಗಡ್ಡೆ ಮಣ್ಣಿನೊಳಗೆ ಇರುವುದರಿಂದ ದಿಂಡು ಸುಟ್ಟರೂ ಮರಿಗಳು ಹೊರಡುತ್ತವೆ. ತೆಂಗಿಗೆ ಇರುವುದು ತುದಿಯಲ್ಲಿ ಒಂದೇ ಬೆಳವಣಿಗೆಯ ಮೊಗ್ಗು. ಅದರ ಕಾಂಡದಲ್ಲಿ ಇತರ ಮರಗಳಂತೆ ಕ್ಯಾಂಬಿಯಂ ಪದರವಿಲ್ಲದ ಕಾರಣ ಹೊರಭಾಗ ಕರಕಾದರೂ ಮರ ಬದುಕಬಲ್ಲದು. ಸುಳಿ ಸುಲಭವಾಗಿ ಕಿತ್ತುಬಂದರೆ ಮರ ಸತ್ತಂತೆ.

ಗಾಯದ ಆರೈಕೆ ಮತ್ತು ಕೀಟಬಾಧೆ

ಸತ್ತ ಕೊಂಬೆಗಳನ್ನು ಜೀವಂತ ಭಾಗದವರೆಗೆ ಕತ್ತರಿಸಿ ಗಾಯಕ್ಕೆ ಶೇ. 10ರ ಬೋರ್ಡೋ ಮುಲಾಮು ಹಚ್ಚುತ್ತಾರೆ. ಇದನ್ನು 1 ಕಿ.ಗ್ರಾಂ ಮೈಲುತುತ್ತ, 1 ಕಿ.ಗ್ರಾಂ ಸುಣ್ಣ ಮತ್ತು 10 ಲೀಟರ್ ನೀರಿನಿಂದ ತಯಾರಿಸಲಾಗುತ್ತದೆ. ಲೋಹದ ಪಾತ್ರೆ ಬಳಸುವಂತಿಲ್ಲ. ಬಳಲಿದ ಮರಗಳಿಗೆ ಕಾಂಡಕೊರಕ ಹುಳುಗಳು ಬೇಗ ಮುತ್ತುತ್ತವೆ. ದಾಳಿಂಬೆಯ ಬುಡದಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ ರಂಧ್ರಗಳು, ಮಾವಿನಲ್ಲಿ ಹೊಟ್ಟಿನಂತಹ ಪುಡಿ ಕಂಡುಬಂದರೆ ತಡಮಾಡದೆ ಕ್ರಮ ಕೈಗೊಳ್ಳಬೇಕು. ಸತ್ತ ಕಟ್ಟಿಗೆಗೆ ಗೆದ್ದಲು ಹತ್ತುವುದರಿಂದ ಅದನ್ನು ಬುಡದ ಬಳಿ ಬಿಡುವುದಿಲ್ಲ.

ಮಣ್ಣಿನ ಚೇತರಿಕೆ

ಮಳೆಗಾಲಕ್ಕೆ ಮೊದಲು ಒಡ್ಡುಗಳನ್ನು ಸರಿಪಡಿಸಿ, ಇಳಿಜಾರಿಗೆ ಅಡ್ಡಲಾಗಿ ಕತ್ತರಿಸಿದ ಕೊಂಬೆಗಳನ್ನು ಸಾಲಾಗಿ ಇಡಲಾಗುತ್ತದೆ. ಮಣ್ಣು ಪರೀಕ್ಷೆಯ ನಂತರವೇ ರಾಸಾಯನಿಕ ಗೊಬ್ಬರ ಕೊಡುವುದು ಒಳಿತು. ಬೂದಿಯಿಂದ ಕ್ಷಾರವಾದ ಮೇಲ್ಮಣ್ಣಿನ ಮೇಲೆ ಯೂರಿಯಾ ಚೆಲ್ಲಿದರೆ ಅದರ ಸಾರಜನಕ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಸಾಲುಗಳ ನಡುವೆ ಸೆಣಬು ಅಥವಾ ಡಯಂಚದಂತಹ ಹಸಿರೆಲೆ ಗೊಬ್ಬರದ ಬೆಳೆ, ಹುರುಳಿ ಮತ್ತು ಅಲಸಂದೆಯಂತಹ ನೆಲ ಮುಚ್ಚುವ ದ್ವಿದಳ ಬೆಳೆ ಇವು ಕಳೆದುಹೋದ ಸಾರಜನಕ ಹಾಗೂ ಸಾವಯವ ಅಂಶವನ್ನು ಮರಳಿ ತರುತ್ತವೆ. ಮರಗಳು ಫಲಕ್ಕೆ ಬರುವವರೆಗೆ ಈ ಅಂತರಬೆಳೆಗಳಿಂದ ಸ್ವಲ್ಪ ಆದಾಯವೂ ಮೇವೂ ದೊರೆಯುತ್ತವೆ.

ಪರಿಹಾರ ಮತ್ತು ವಿಮೆ

ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಬೆಂಕಿಯೂ ಅಧಿಸೂಚಿತ ವಿಪತ್ತುಗಳಲ್ಲಿ ಒಂದು. 2022ರಿಂದ 2026ರ ಅವಧಿಯ ಮಾರ್ಗಸೂಚಿಯಂತೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದ ಬಹುವಾರ್ಷಿಕ ಬೆಳೆಗಳಿಗೆ ಹೆಕ್ಟೇರಿಗೆ 22,500 ರೂಪಾಯಿಯಂತೆ ಗರಿಷ್ಠ 2 ಹೆಕ್ಟೇರಿನವರೆಗೆ ನೆರವು ನಿಗದಿಯಾಗಿದೆ. ಮರುನಾಟಿ, ಹೊಸ ಹನಿ ನೀರಾವರಿ ಮತ್ತು ಫಲವಿಲ್ಲದ ವರ್ಷಗಳ ನಷ್ಟವನ್ನು ಈ ಮೊತ್ತ ಭರಿಸುವುದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯು ಮಳೆ, ಉಷ್ಣತೆ, ಆರ್ದ್ರತೆ ಮೊದಲಾದ ಅಳತೆಗಳನ್ನು ಆಧರಿಸಿದ್ದು, ನೆರೆಹೊಲದಿಂದ ಬಂದ ಬೆಂಕಿಯ ನಷ್ಟ ಅದರ ವ್ಯಾಪ್ತಿಗೆ ಬರುವುದಿಲ್ಲ. ತಾಂತ್ರಿಕ ಸಲಹೆಗೆ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿ ಹಾಗೂ 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇವೆ.

ಮುನ್ನೆಚ್ಚರಿಕೆ

ಬೇಸಿಗೆಗೆ ಮೊದಲು ತೋಟದ ಸುತ್ತ ಟ್ರ್ಯಾಕ್ಟರಿನಿಂದ ಉಳುಮೆ ಮಾಡಿ ಹುಲ್ಲಿಲ್ಲದ ಪಟ್ಟಿ ಬಿಡುವುದು ಅತ್ಯಂತ ಪರಿಣಾಮಕಾರಿ ಕ್ರಮ. ಹೊದಿಕೆಯನ್ನು ಕಾಂಡದಿಂದ ಸ್ವಲ್ಪ ದೂರದಲ್ಲಿ ಹಾಕುವುದು, ಮುಖ್ಯ ಕೊಳವೆಗಳನ್ನು ಮಣ್ಣಿನಲ್ಲಿ ಹೂಳುವುದು, ಒಣಮುಳ್ಳಿನ ಬೇಲಿಯ ಬದಲು ಕತ್ತಾಳೆ, ಕಳ್ಳಿಯಂತಹ ರಸಭರಿತ ಗಿಡಗಳ ಜೀವಂತ ಬೇಲಿ ಬೆಳೆಸುವುದು ಇತರ ಕ್ರಮಗಳು. ರವದಿಯನ್ನು ಸುಡದೆ ಯಂತ್ರದಿಂದ ಪುಡಿಮಾಡಿ ಕೂಳೆ ಕಬ್ಬಿನ ಸಾಲುಗಳಲ್ಲೇ ಹೊದಿಕೆಯಾಗಿ ಬಿಡುವ ಪದ್ಧತಿಯು ತೇವಾಂಶವನ್ನು ಉಳಿಸುತ್ತದೆ ಮತ್ತು ನೆರೆಯ ತೋಟಕ್ಕೆ ಬೆಂಕಿಯ ಮೂಲವನ್ನೇ ಇಲ್ಲವಾಗಿಸುತ್ತದೆ.

ಇತರ ಪ್ರದೇಶಗಳೊಂದಿಗೆ ಹೋಲಿಕೆ

2019ರ ಫೆಬ್ರುವರಿಯಲ್ಲಿ ಬಂಡೀಪುರದ ಕಾಡಿನಲ್ಲಿ ಹರಡಿದ ಬೆಂಕಿ, ಮತ್ತು 2009ರ ಫೆಬ್ರುವರಿ 7ರಂದು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 173 ಜನರ ಸಾವಿಗೆ ಕಾರಣವಾದ ಕಾಳ್ಗಿಚ್ಚು ವ್ಯಾಪಕ ಗಮನ ಸೆಳೆದವು. ಆಸ್ಟ್ರೇಲಿಯದ ಅನೇಕ ನೀಲಗಿರಿ ಜಾತಿಗಳ ತೊಗಟೆಯ ಒಳಗೆ ಸುಪ್ತ ಮೊಗ್ಗುಗಳಿದ್ದು, ಬೆಂಕಿಯ ನಂತರ ಕಾಂಡದ ಉದ್ದಕ್ಕೂ ಚಿಗುರೊಡೆಯುತ್ತವೆ. ಹಣ್ಣಿನ ಮರಗಳು ಬೆಂಕಿಗೆ ಹಾಗೆ ಹೊಂದಿಕೊಂಡವಲ್ಲ. ಪಕ್ಕದ ಕಾಡು ಒಂದು ಮಳೆಗೆ ಹಸಿರಾದರೂ ತೋಟವು ಫಲಕ್ಕೆ ಮರಳಲು ಹಲವು ವರ್ಷಗಳ ಆರೈಕೆ ಬೇಕಾಗುತ್ತದೆ.